ಗ್ರೂಪಿನ ರೂಲ್ಸ್ ಮಾಡಿದ್ದು ಯಾರು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ಕ್ಯಾಮೆರಾ ಬಗ್ಗೆ ಮಾತಾಡೋ ಒಂದು ಆನ್‌ಲೈನ್ ಗ್ರೂಪಿಗೆ ಹೊಸದಾಗಿ ಸೇರಿದೆ. ಯಾವ ಲೆನ್ಸ್ ತಗೊಳ್ಳಲಿ ಅಂತ ಕೇಳಿದ್ದಷ್ಟೇ, ‘ಮೊದ್ಲು ಹಳೇ ಪೋಸ್ಟ್ ಹುಡುಕಿ ನೋಡ್ರೀ’ ಅಂತ ನಾಲ್ಕೈದು ಜನ ಮೇಲೆಬಿದ್ರು. ಹಾಗೆ ಕೇಳಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಈ ರೂಲ್ಸೆಲ್ಲ ಮಾಡೋರು ಯಾರು?

ಉತ್ತರ: ಯಾರೂ ಕೂತು ಮಾಡಲ್ಲ ಕಣ್ರೀ. ಒಬ್ರು ಏನೋ ಮಾಡ್ತಾರೆ, ಉಳಿದವರಿಗೆ ಕಿರಿಕಿರಿ ಆಗತ್ತೆ, ಯಾರೋ ಒಬ್ರು ತಡ್ಕೊಳ್ಳಕ್ಕಾಗ್ದೆ ಬಾಯಿಬಿಟ್ಟು ಹೇಳ್ತಾರೆ, ಸುಮ್ನೆ ನೋಡ್ತಾ ಇದ್ದವರು ಓಹೋ ಇಲ್ಲಿ ಹೀಗೆಲ್ಲ ಮಾಡಬಾರದು ಅಂತ ತಿಳ್ಕೊಂಡು ಮುಂದೆ ಬಂದವರಿಗೆ ತಾವೇ ಗದರ್ತಾರೆ. ನಿಮಗೆ ಬಿದ್ದ ಬೈಗುಳ ನಿಮ್ಮೊಬ್ಬರದಲ್ಲ, ನಿಮಗಿಂತ ಮುಂಚೆ ಅದನ್ನೇ ಕೇಳಿ ಹೋದವರ ಹಳೇ ಬಾಕಿನೂ ಅದ್ರಲ್ಲಿ ಸೇರಿದೆ.

ಇದು ಇವತ್ತಿನ ಕತೆ ಅಲ್ಲ. 1980ರ ಹೊತ್ತಿಗೆ ಅಮೆರಿಕದ ಯೂನಿವರ್ಸಿಟಿಗಳಲ್ಲಿ ಯೂಸ್‌ನೆಟ್ ಅಂತ ಒಂದು ಚರ್ಚೆಯ ಜಾಲ ಶುರುವಾಯ್ತು. ಪ್ರತಿ ಸೆಪ್ಟೆಂಬರಲ್ಲಿ ಕಾಲೇಜಿಗೆ ಹೊಸ ಹುಡುಗ್ರು ಬಂದು, ಕೇಳಿದ್ದನ್ನೇ ಕೇಳಿ ತಲೆ ತಿಂದು, ಹಳಬರ ಕೈಲಿ ಬೈಸ್ಕೊಂಡು ಸ್ವಲ್ಪ ದಿನಕ್ಕೆ ದಾರಿಗೆ ಬರೋರು. ಆಮೇಲೆ 1993-94ರಲ್ಲಿ ಎಒಎಲ್ ಥರದ ಇಂಟರ್‌ನೆಟ್ ಕಂಪನಿಗಳು ಮನೆಮನೆಯ ಗ್ರಾಹಕರಿಗೂ ಈ ಜಾಲದ ಬಾಗಿಲು ತೆಗೆದ್ವು ನೋಡಿ, ಹೊಸಬರು ಬರೋದು ನಿಲ್ಲಲೇ ಇಲ್ಲ, 1993ರ ಸೆಪ್ಟೆಂಬರ್ ಮುಗೀಲೇ ಇಲ್ಲ ಅಂತ ಹಳಬರು ಇವತ್ತಿಗೂ ಗೊಣಗ್ತಾರೆ. ಹೊಸಬರು ಕಮ್ಮಿ ಇರೋವರೆಗೆ ಬಾಯಿಮಾತಲ್ಲೇ ನಡೆಯೋ ಶಿಸ್ತು, ಅವರೇ ಜಾಸ್ತಿ ಆದಾಗ ಕಾಗದಕ್ಕೆ ಇಳೀಲೇಬೇಕಾಗತ್ತೆ. 1995ರ ಅಕ್ಟೋಬರಲ್ಲಿ ಆರ್‌ಎಫ್‌ಸಿ 1855 ಅನ್ನೋ ನೆಟಿಕೆಟ್ ಗೈಡ್, ಅಂದ್ರೆ ಆನ್‌ಲೈನಲ್ಲಿ ಹೇಗೆ ನಡ್ಕೋಬೇಕು ಅನ್ನೋ ಕೈಪಿಡಿ, ಬಂತು. ಪೋಸ್ಟ್ ಮಾಡೋ ಮುಂಚೆ ಒಂದೆರಡು ತಿಂಗಳು ಬರೀ ಓದ್ತಾ ಇರಿ ಅಂತ ಅದ್ರಲ್ಲಿದೆ! ಇವತ್ತು ಯಾರ್ರೀ ಕಾಯ್ತಾರೆ.

ಎರಡು ತಿಂಗಳು ಬೇಡ, ಎರಡು ದಿನ ನೋಡಿ ಸಾಕು. ಯಾವ ಥರ ಕೇಳಿದ ಪ್ರಶ್ನೆಗೆ ಉತ್ತರ ಸಿಗತ್ತೆ, ಯಾವ್ದಕ್ಕೆ ಮೌನ ಅಂತ ಗಮನಿಸಿ. ‘ಹಳೇದೆಲ್ಲ ಓದಿದೆ, ನನ್ನ ಬಜೆಟ್ ಇಷ್ಟು, ಈ ಎರಡರಲ್ಲಿ ಗೊಂದಲ’ ಅಂತ ಕೇಳಿದ್ರೆ ಅದೇ ಗದರಿದವರು ಉದ್ದುದ್ದ ಬರೀತಾರೆ. (ಹಾಗಂತ ಆ ನಾಲ್ಕೈದು ಜನರನ್ನ ನಾನು ವಹಿಸ್ಕೊಳ್ಳಲ್ಲ, ಬೈಯೋಷ್ಟು ಟೈಮಲ್ಲಿ ಹಳೇ ಪೋಸ್ಟಿನ ಲಿಂಕ್ ಕೊಡಬಹುದಿತ್ತು.)

ಪ್ರಶ್ನೆ: ಇಂಗ್ಲಿಷಲ್ಲಿ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಟೈಪ್ ಮಾಡಿದ್ರೆ ಕೂಗಾಡಿದಂತೆ ಅಂತಾರಲ್ಲ, ಅದೇಕೆ?

ಉತ್ತರ: ಟೈಪ್ ಮಾಡೋ ಮಾತಿಗೆ ದನಿ ಇಲ್ವಲ್ಲ, ಸಿಕ್ಕಿದ್ದನ್ನೇ ದನಿ ಮಾಡ್ಕೊಂಡ್ರು. ಮೇಲೆ ಹೇಳಿದ ಗೈಡಲ್ಲೂ ಈ ಮಾತಿದೆ, ಆದ್ರೆ ಗೈಡ್ ಬರೋ ಮುಂಚೆನೇ ಜನ ಹಾಗೆ ಅಂದ್ಕೋತಿದ್ರು. ಸ್ಮೈಲಿ ಹುಟ್ಟಿದ್ದೂ ಹೀಗೇ. ತಮಾಷೆ ಯಾವ್ದು, ಸೀರಿಯಸ್ ಯಾವ್ದು ಗೊತ್ತಾಗ್ದೆ ಎಡವಟ್ಟಾಗ್ತಿತ್ತು, ಅದಕ್ಕೆ 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್‌ಮನ್ ಕೋಲನ್, ಅಡ್ಡಗೀಟು, ಬ್ರ್ಯಾಕೆಟ್ ಸೇರಿಸಿ ನಗುಮುಖ ಮಾಡಿ, ತಮಾಷೆಗೆ ಇದನ್ನ ಹಾಕಿ ಅಂದ್ರು.

ಪ್ರಶ್ನೆ: ಮೆಸೇಜ್ ಓದಿ ನೀಲಿ ಟಿಕ್ ಬಂದ್ಮೇಲೂ ರಿಪ್ಲೈ ಮಾಡದೇ ಇರೋದು ಅವಮಾನ ಅಲ್ವಾ?

ಉತ್ತರ: 2014ರ ನವೆಂಬರಿಗೆ ಮುಂಚೆ ವಾಟ್ಸಾಪಲ್ಲಿ ನೀಲಿ ಟಿಕ್ಕೇ ಇರಲಿಲ್ಲ, ಆಗ ಈ ಅವಮಾನವೂ ಇರಲಿಲ್ಲ. ಎಷ್ಟೋ ಸಲ ಬಟನ್ ಮೊದ್ಲು ಬರತ್ತೆ, ಮರ್ಯಾದೆ ಪ್ರಶ್ನೆ ಆಮೇಲೆ. ಜನ ರೇಗಿದ ಮೇಲೆ ಅದನ್ನ ಆಫ್ ಮಾಡೋ ಸೌಲಭ್ಯನೂ ಕೊಟ್ರು. ಉಲ್ಟಾನೂ ಆಗತ್ತೆ, ಹ್ಯಾಷ್‌ಟ್ಯಾಗನ್ನ ಟ್ವಿಟರ್ ಕಂಪನಿ ಕಂಡುಹಿಡಿದಿದ್ದಲ್ಲ, 2007ರಲ್ಲಿ ಬಳಕೆದಾರರೊಬ್ಬರು ಸೂಚಿಸಿದ್ದು. ನಿಮ್ಮ ವಿಷಯಕ್ಕೆ ಬಂದ್ರೆ, ಅರ್ಜೆಂಟಿದ್ರೆ ಫೋನ್ ಮಾಡಿ.

ಪ್ರಶ್ನೆ: ನಾನು ಒಂದು ದೊಡ್ಡ ಗ್ರೂಪಿನ ಅಡ್ಮಿನ್. ರೂಲ್ಸ್ ಬರೆದು ಮೇಲೆ ಪಿನ್ ಮಾಡಿದ್ರೆ ಏನಾದ್ರೂ ಪ್ರಯೋಜನ ಇದ್ಯಾ? ಯಾರೂ ಓದಲ್ಲ ಅನ್ಸತ್ತೆ.

ಉತ್ತರ: ಇದೆ. ರೆಡಿಟ್ ಅನ್ನೋ ಚರ್ಚೆಯ ವೆಬ್‌ಸೈಟಿನ ದೊಡ್ಡ ವಿಜ್ಞಾನ ಗ್ರೂಪಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದಾರೆ, 2019ರಲ್ಲಿ ಪ್ರಕಟವಾಯ್ತು. ಕೆಲವು ಚರ್ಚೆಗಳ ತಲೆ ಮೇಲೆ ರೂಲ್ಸ್ ಹಾಕಿ, ಕೆಲವಕ್ಕೆ ಹಾಕದೇ ಬಿಟ್ಟು ನೋಡಿದ್ರೆ, ಹಾಕಿದ ಕಡೆ ಹೊಸಬರು ರೂಲ್ಸ್ ಪಾಲಿಸೋ ಸಾಧ್ಯತೆ 8 ಪರ್ಸೆಂಟೇಜ್ ಪಾಯಿಂಟ್‌ಗೂ ಜಾಸ್ತಿ ಏರಿತ್ತು. ರೂಲ್ಸ್ ನೋಡಿ ಜನ ಹೆದರ್ಕೊಂಡು ಓಡ್ತಾರೆ ಅಂತ ಅಂದ್ಕೋತೀವಲ್ಲ, ಅದೂ ಆಗಲಿಲ್ಲ, ಹೊಸಬರು ಮಾತಾಡೋದು ಜಾಸ್ತಿನೇ ಆಯ್ತು. ನನಗನ್ಸೋ ಮಟ್ಟಿಗೆ, ಇಲ್ಲಿ ತಪ್ಪು ಮಾಡಿದ್ರೆ ಕೇಳೋರಿದ್ದಾರೆ ಅಂತ ಗೊತ್ತಾದ್ರೆ ಅಂಜಿಕೆ ಇರೋರಿಗೂ ಧೈರ್ಯ ಬರತ್ತೆ.

ಚಿಕ್ಕದಾಗಿ ಬರೀರಿ, ಅಳೆಯೋಕೆ ಆಗೋ ಹಾಗೆ ಬರೀರಿ. ‘ಜಗಳ ಮಾಡಬೇಡಿ’ ಅಂದ್ರೆ ಅದು ಜಗಳನಾ ಅಂತಲೇ ಜಗಳ ಆಗತ್ತೆ. ವಿಕಿಪೀಡಿಯದವರು ಇಂಗ್ಲಿಷ್ ಆವೃತ್ತಿಯಲ್ಲಿ ನೇರ ಲೆಕ್ಕ ಇಟ್ರು, ಒಂದೇ ಪುಟದಲ್ಲಿ 24 ಗಂಟೆಯೊಳಗೆ ಬೇರೆಯವರು ಮಾಡಿದ ಬದಲಾವಣೆನ ಮೂರು ಸಲಕ್ಕಿಂತ ಜಾಸ್ತಿ ಅಳಿಸಿ ಮೊದಲಿದ್ದ ಹಾಗೆ ಮಾಡಿದ್ರೆ ಬ್ಲಾಕ್ ಆಗಬಹುದು. ಮತ್ತೆ ಇನ್ನೊಂದು, ನಿಮ್ಮ ಸ್ನೇಹಿತರು ರೂಲ್ಸ್ ಮುರಿದಾಗ್ಲೂ ಪೋಸ್ಟ್ ತೆಗೀಬೇಕು. ಅವತ್ತು ಸುಮ್ನೆ ಬಿಟ್ಬಿಟ್ರೆ ಪಿನ್ ಮಾಡಿದ್ದನ್ನ ನಿಜಕ್ಕೂ ಯಾರೂ ಓದಲ್ಲ.