ಪಲ್ಲವಿಯೇ ಇಲ್ಲದ ಹಾಡಿನ ಪಲ್ಲವಿಯನ್ನು ಹೊಗಳಿದ್ದೀರಿ

ನಮಸ್ಕಾರ.

'ಎನೋಲಾ ಗೇ: ಶಾಂತಿಯ ಕೂಗು' ಲೇಖನ ಓದಿದೆವು. ಬ್ರಿಟನ್ನಿನ ಒಎಂಡಿ, ಅಂದರೆ ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದ ಡಾರ್ಕ್ ತಂಡ, 1980ರಲ್ಲಿ ಹೊರತಂದ 'ಎನೋಲಾ ಗೇ' ಎಂಬ ಸಿಂಥ್-ಪಾಪ್ (ಸಿಂಥಸೈಸರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಬಳಸಿದ ಪಾಪ್) ಹಾಡು ಇನ್ನೂ ಯಾಕೆ ಹಳತಾಗಿಲ್ಲ ಎಂಬುದು ನಿಮ್ಮ ಪ್ರಶ್ನೆ. ಪ್ರಶ್ನೆ ಚೆನ್ನಾಗಿದೆ, ಉತ್ತರ ಬಂದಿಲ್ಲ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇವೆ.

ಎರಡನೇ ಪ್ಯಾರಾದಲ್ಲಿ 'ಮನ ಕಲಕುವ ಪಲ್ಲವಿ ಇಂದಿಗೂ ಜನರ ನಾಲಿಗೆಯ ಮೇಲೆ ನಲಿಯುತ್ತಿದೆ' ಎಂದಿದ್ದೀರಿ. ಈ ಹಾಡಿಗೆ ಪಲ್ಲವಿಯೇ ಇಲ್ಲ! ಹಾಡಿಕೆಯೆಲ್ಲ ಬರೀ ಚರಣ. ಪಲ್ಲವಿ ಬರಬೇಕಾದ ಕಡೆ ಗಾಯಕ ಸುಮ್ಮನಾಗುತ್ತಾನೆ, ಸಿಂಥ್ ನುಡಿಯುತ್ತದೆ. ಜನ ಗುನುಗುವುದು ಆ ಧಾಟಿಯನ್ನು, ಪದಗಳನ್ನಲ್ಲ. ಭಾವಗೀತೆ ಕೇಳಿ ಬೆಳೆದ ಕಿವಿ ಪ್ರತಿ ಚರಣದ ಕೊನೆಗೂ ಪಲ್ಲವಿಗೆ ಕಾಯುತ್ತದೆ, ಇಲ್ಲಿ ಅದು ಸಿಗುವುದೇ ಇಲ್ಲ. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿ. ಮೊದಲ ಸಲ ತಾಳ ಮಾತ್ರ. ಶುರುವಿನ ಟಿಕ್‌ಟಿಕ್ ರೋಲ್ಯಾಂಡ್ ಸಿಆರ್-78 ಎಂಬ ತಾಳದ ಪೆಟ್ಟಿಗೆಯದು. ಎರಡನೇ ಸಲ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು. ಒಂದು, ಆರು, ನಾಲ್ಕು, ಐದು ಎಂಬ ಅದೇ ನಾಲ್ಕು ಕಾರ್ಡ್‌ಗಳು ಆರಂಭದಿಂದ ಕೊನೆಯವರೆಗೆ ಸುತ್ತುತ್ತವೆ. 1950ರ ದಶಕದ ಅಮೆರಿಕದ ಹದಿಹರೆಯದ ಪ್ರೇಮಗೀತೆಗಳಲ್ಲಿ ಸವೆದುಹೋದ ಸರಣಿ ಅದು. ಮೂರನೇ ಸಲ ಪದಗಳು. ಆಗ ಗೊತ್ತಾಗುತ್ತದೆ: ಈ ಪ್ರೇಮಗೀತೆಯ ನಾಯಕಿ ಒಂದು ಬಾಂಬರ್ ವಿಮಾನ, ಹಿರೋಶಿಮಾದ ಮೇಲೆ ಅಣುಬಾಂಬ್ ಹಾಕಿದ ಎನೋಲಾ ಗೇ. ಅವಳು ಕೊಟ್ಟ ಮುತ್ತು ಮಾಸುವುದೇ ಇಲ್ಲ. 'ವಿಷಾದದ ರಾಗ' ಎಂದು ನಾಲ್ಕು ಕಡೆ ಬರೆದಿದ್ದೀರಿ, ನಾಲ್ಕನ್ನೂ ತೆಗೆಯಿರಿ. ರಾಗದಲ್ಲಿ ವಿಷಾದವಿಲ್ಲ, ಇಲ್ಲದಿರುವುದರಿಂದಲೇ ಪದ ಅರ್ಥವಾದ ಮೇಲೆ ಹೊಟ್ಟೆ ತೊಳಸುತ್ತದೆ.

ಈಗ ನಿಮ್ಮ ಅನುವಾದದ ಸಾಲು. ತಾಯಿ ಮತ್ತು 'ಪುಟ್ಟ ಮಗ' ಬರುವ ಸಾಲನ್ನು ಕನ್ನಡಕ್ಕೆ ತಂದು 'ತಾಯ್ತನದ ಹಿರಿಮೆ' ಎಂದು ವಿವರಿಸಿದ್ದೀರಿ. ಅಲ್ಲಿ ಸೂಜಿಮೊನೆಯೇ ತಪ್ಪಿದೆ. ಲಿಟ್ಲ್ ಬಾಯ್ (ಪುಟ್ಟ ಹುಡುಗ) ಎಂಬುದು ಆ ವಿಮಾನ ಹೊತ್ತ ಬಾಂಬಿನ ಹೆಸರು. ಎನೋಲಾ ಗೇ ಎಂಬುದು ಪೈಲಟ್ ಪಾಲ್ ಟಿಬ್ಬೆಟ್ಸ್‌ನ ತಾಯಿಯ ಹೆಸರು, ಅವನು ಅದನ್ನು ವಿಮಾನದ ಮೇಲೆ ಬರೆಸಿದ್ದ. ಹೀಗೆ ಅಮ್ಮನ ಹೆಸರು ಹೊತ್ತ ವಿಮಾನದ ಹೊಟ್ಟೆಯಿಂದ ಪುಟ್ಟ ಹುಡುಗ ಬಿದ್ದ. ಆ ಶ್ಲೇಷೆ ಅನುವಾದದಲ್ಲಿ ಉಳಿಯದು, ಅಡಿಟಿಪ್ಪಣಿ ಹಾಕಿದರೆ ಸಾಯುತ್ತದೆ. ಮಾಡಬೇಕಾದದ್ದು ಇಷ್ಟೆ: ಬಾಂಬಿನ ಹೆಸರು, ತಾಯಿಯ ಹೆಸರು ಎರಡನ್ನೂ ಒಂದು ಪ್ಯಾರಾ ಮೊದಲೇ ಸಹಜವಾಗಿ ಹೇಳಿಬಿಡಿ. ಸಾಲು ಬಂದಾಗ ಓದುಗರಿಗೆ ತಾವಾಗಿಯೇ ಹೊಳೆಯುತ್ತದೆ. ಮೂಲದ ಸಾಲುಗಳನ್ನು ಉದ್ದಕ್ಕೆ ಎತ್ತಿ ಬರೆಯಬೇಡಿ, ಹಾಡಿಗೆ ಹಕ್ಕುದಾರರಿದ್ದಾರೆ, ಭಾವಾರ್ಥ ಸಾಕು. (ಎನೋಲಾ ತಿರುಗಿಸಿದರೆ 'ಅಲೋನ್' ಎಂಬ ನಿಮ್ಮ ಚಮತ್ಕಾರ ಕನ್ನಡ ಲಿಪಿಯಲ್ಲಿ ಕೆಲಸ ಮಾಡುವುದಿಲ್ಲ. ಬಿಡಿ.)

ಸಂಗತಿಗಳಲ್ಲೂ ತಪ್ಪುಗಳಿವೆ. ಬಾಂಬ್ ನೆಲಕ್ಕೆ ಬಡಿದು ಸಿಡಿಯಲಿಲ್ಲ. 1945ರ ಆಗಸ್ಟ್ 6ರ ಬೆಳಿಗ್ಗೆ 8:15ಕ್ಕೆ ಬಿಟ್ಟದ್ದು, ಮುಕ್ಕಾಲು ನಿಮಿಷದೊಳಗೆ, ಹಿರೋಶಿಮಾದ ಮೇಲೆ ಸುಮಾರು 600 ಮೀಟರ್ ಎತ್ತರದಲ್ಲೇ ಸಿಡಿಯಿತು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ 8:15ಕ್ಕೆ ನಿಂತ ಕೈಗಡಿಯಾರವಿದೆ. ಹಾಡಿನಲ್ಲಿ ಗಂಟೆ ಅಲ್ಲೇ ನಿಂತಿರುವುದು ಅದಕ್ಕೇ. ನಾಗಾಸಾಕಿಯ ಬಾಂಬ್ ಹೊತ್ತದ್ದು ಬಾಕ್ಸ್‌ಕಾರ್ ಎಂಬ ಬೇರೆ ವಿಮಾನ. ಹಾಡಿಗೆ 'ಮಿಡಿ' (ಎಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ವ್ಯವಸ್ಥೆ) ಬಳಸಿದರು ಎಂದಿದ್ದೀರಿ, ಮಿಡಿ ಬಂದದ್ದೇ 1983ರಲ್ಲಿ. ಒಎಂಡಿ ಕೈಯಲ್ಲಿದ್ದದ್ದು ಕೋರ್ಗ್ ಮೈಕ್ರೋ-ಪ್ರೀಸೆಟ್‌ನಂಥ ಅಗ್ಗದ ಸಿಂಥ್, ತಂಡದ ಗಾಯಕ ಆ್ಯಂಡಿ ಮೆಕ್‌ಕ್ಲಸ್ಕಿಯ ತಾಯಿಯ ಅಂಚೆ-ಖರೀದಿ ಕ್ಯಾಟಲಾಗ್ ಮೂಲಕ ವಾರದ ಕಂತಿನಲ್ಲಿ ಕೊಂಡದ್ದು. ಇನ್ನು 'ಬ್ರಿಟಿಷ್ ಗಾಯಕಿ ನೇನಾ' ಎಂದಿದ್ದೀರಿ: ಆಕೆ ಜರ್ಮನಿಯವಳು.

ದೊಡ್ಡ ತಪ್ಪು ಕಾಲದ್ದು. ಬ್ರಿಟನ್ನಿನ ಗ್ರೀನ್‌ಹ್ಯಾಮ್ ಕಾಮನ್ ವಾಯುನೆಲೆಯೆದುರು ಅಣ್ವಸ್ತ್ರಗಳ ವಿರುದ್ಧ ಮಹಿಳೆಯರು ಕೂತ ಧರಣಿಯಿಂದ ಹಾಡು ಹುಟ್ಟಿತು ಎಂದಿದ್ದೀರಿ. ಧರಣಿ ಶುರುವಾದದ್ದು 1981ರ ಸೆಪ್ಟೆಂಬರ್‌ನಲ್ಲಿ, ಹಾಡು ಬಂದದ್ದು ಅದಕ್ಕೆ ಒಂದು ವರ್ಷ ಮೊದಲು. ಹಾಡು ಬರುವ ಹೊತ್ತಿಗೆ ಆಗಿದ್ದದ್ದು ಬೇರೆ. 1979ರ ಡಿಸೆಂಬರ್‌ನಲ್ಲಿ ಯುರೋಪಿಗೆ ಕ್ರೂಸ್ ಕ್ಷಿಪಣಿ ತರಲು ನೇಟೊ ತೀರ್ಮಾನಿಸಿತ್ತು. 1980ರಲ್ಲಿ ಬ್ರಿಟಿಷ್ ಸರ್ಕಾರ 'ಪ್ರೊಟೆಕ್ಟ್ ಆ್ಯಂಡ್ ಸರ್ವೈವ್' ಕಿರುಹೊತ್ತಿಗೆಯನ್ನು ಮಾರಾಟಕ್ಕಿಟ್ಟಿತ್ತು. ಅಣುಬಾಂಬ್ ಬಿದ್ದರೆ ಮನೆಯ ಬಾಗಿಲು ಬಿಚ್ಚಿ ಗೋಡೆಗೆ ಓರೆಯಾಗಿ ನಿಲ್ಲಿಸಿ ಅದರಡಿ ಕೂರಿ ಎಂಬ ಸಲಹೆ ಅದರಲ್ಲಿತ್ತು. ಆ ಬಾಗಿಲೊಂದನ್ನು ತಂದಿಟ್ಟರೆ ನಿಮ್ಮ 'ಭಯದ ಕಾರ್ಮೋಡ'ಗಳ ಮೂರು ಸಾಲು ಬೇಕಾಗುವುದಿಲ್ಲ.

ಕೊನೆಯ ಭಾಗ ಪೂರಾ ಹೊಸದಾಗಿ ಬರೆಯಬೇಕು. 'ಯುದ್ಧ ನಿಂತಿಲ್ಲ, ಆದ್ದರಿಂದ ಹಾಡು ಉಳಿದಿದೆ' ಎನ್ನುತ್ತೀರಿ. ಹಾಗಿದ್ದರೆ ಎಲ್ಲ ಯುದ್ಧವಿರೋಧಿ ಹಾಡುಗಳೂ ಉಳಿಯಬೇಕಿತ್ತು. ಈ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ನಿಂತಿತು, ಇಂಗ್ಲಿಷ್ ಮನೆಮಾತಲ್ಲದ ಇಟಲಿಯಲ್ಲಿ 1ಕ್ಕೇರಿತು. ಅಂದರೆ ಪದ ತಿಳಿಯದವರೂ ಕುಣಿದರು. ಹಿರೋಶಿಮಾದ ಹಾಡಿಗೆ ಕುಣಿಯುವುದು ಆ ಹಾಡಿನ ಸೋಲೋ, ಗೆಲುವೋ? ಕುಣಿದವನು ಎಂದೋ ಒಂದು ದಿನ ಪದ ಕೇಳಿಸಿಕೊಂಡು ಬೆಚ್ಚುತ್ತಾನೆ, ಹಾಡು ಎರಡನೇ ಸಲ ಹುಟ್ಟುವುದು ಆಗ ಎಂಬುದು ನಮ್ಮ ಅನಿಸಿಕೆ. ನಿಮಗೆ ಬೇರೆ ಅನಿಸಿದರೆ ಅದನ್ನೇ ವಾದಿಸಿ, ಆದರೆ ಪ್ರಶ್ನೆ ಬಿಟ್ಟು ಓಡಬೇಡಿ.

ಮೂರನೇ ಪ್ಯಾರಾದ ವಿಮಾನದ ವರ್ಣನೆಯನ್ನು ಮುಟ್ಟಬೇಡಿ, ಅಲ್ಲಿ ನಿಮ್ಮ ಕೈ ಪಳಗಿದೆ. ಉಳಿದದ್ದನ್ನು 1,800 ಪದಗಳಿಂದ 1,000ಕ್ಕೆ ಇಳಿಸಿ. ಶೀರ್ಷಿಕೆಯಲ್ಲಿ 'ಕೂಗು' ಬೇಡ, ಹಾಡಿನಲ್ಲಿ ಯಾರೂ ಕೂಗುವುದಿಲ್ಲ.

— ಸಂಪಾದಕರು