ನೋಟ್‌ಬುಕ್ ನನ್ನದು, ಪೇಪರ್ ಬೇರೆಯವರದು

ಪ್ರಶ್ನೆ: ಕಲಬುರಗಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಆಳಂದ ಕಡೆಯ ನಮ್ಮ ತೊಗರಿ ಹೊಲದ ಮಣ್ಣಿನಲ್ಲಿ ರೋಗಾಣು ಕೊಲ್ಲುವ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಎರಡು ವರ್ಷದ ದುಡಿಮೆ. ಸೂಕ್ಷ್ಮಜೀವಿ ಬೆಳೆಸುವ ಪ್ಲೇಟ್‌ಗಳನ್ನು ಎಣಿಸಲು ಜೂನಿಯರ್ ಹುಡುಗಿಯೊಬ್ಬಳು ಭಾನುವಾರವೂ ಬರುತ್ತಿದ್ದಳು. ಈಗ ಗೈಡ್ ಸರ್ ಪೇಪರ್ ಪ್ರಕಟಿಸಿದ್ದಾರೆ. ಮೊದಲ ಹೆಸರು ಅವರದು, ಎರಡನೆಯದು ಲ್ಯಾಬಿಗೇ ಬಾರದವರದು. ನನಗೆ ಕೊನೆಯಲ್ಲಿ ಒಂದು ಸಾಲಿನ ಧನ್ಯವಾದ. ಥೀಸಿಸ್‌ಗೆ ಸರ್ ಸಹಿ ಬೇಕು. ಅಪ್ಪ ‘ಸುಮ್ನ ಇರು, ಮೊದ್ಲ ಡಿಗ್ರಿ ತಗೊ’ ಅಂತಾರೆ. ಏನು ಮಾಡಲಿ?

ಉತ್ತರ: ತಂಗಿ, ನಿಮ್ಮ ಸಿಟ್ಟು ನ್ಯಾಯದ್ದು. ‘ಇದೆಲ್ಲ ಇದ್ದದ್ದೇ’ ಅನ್ನುವವರ ಮಾತಿಗೆ ಅದನ್ನು ನುಂಗಿಕೊಳ್ಳಬೇಡಿ.

ನಿಮ್ಮ ಪತ್ರ ಓದುವಾಗ ನನಗೆ ಆಲ್ಬರ್ಟ್ ಶಾಟ್ಸ್ ಎಂಬ ಸಂಶೋಧನಾ ವಿದ್ಯಾರ್ಥಿ ನೆನಪಾದರು. ಅವರದೂ ಮಣ್ಣಿನ ಕೆಲಸವೇ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ನೆಲಮಾಳಿಗೆಯ ಲ್ಯಾಬಿನಲ್ಲಿ, 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಕೊಡುವ ಸೂಕ್ಷ್ಮಜೀವಿ ಅವರ ಕೈಗೆ ಸಿಕ್ಕಿತು. ಆಗ ವಯಸ್ಸು 23. ಆ ಜೀವಿ ಇದ್ದ ಟೆಸ್ಟ್‌ಟ್ಯೂಬನ್ನು ತಾಯಿಗೆ ಕೊಟ್ಟರಂತೆ. ಕ್ಷಯಕ್ಕೆ ನಾಟಿದ ಮೊದಲ ಆಂಟಿಬಯಾಟಿಕ್ ಈ ಸ್ಟ್ರೆಪ್ಟೊಮೈಸಿನ್. 1944ರ ಪೇಪರಿನಲ್ಲಿ ಮೊದಲ ಹೆಸರು ಶಾಟ್ಸ್‌ದೇ. ಆದರೆ ಜನರೆದುರು ಹೆಸರು ಬಂದದ್ದು ಗೈಡ್ ಸೆಲ್ಮನ್ ವಾಕ್ಸ್‌ಮನ್‌ಗೆ. ಪೇಟೆಂಟಿನ ಹಕ್ಕನ್ನು ಶಾಟ್ಸ್ ನಂಬಿಕೆಯಿಂದ ಬರೆದುಕೊಟ್ಟಿದ್ದರು. ಗೈಡ್‌ಗೆ ಅದರಿಂದ ಹಣ ಬರುತ್ತಿದೆ ಅಂತ ಆಮೇಲೆ ಗೊತ್ತಾಯಿತು.

1950ರಲ್ಲಿ ಶಾಟ್ಸ್ ಕೋರ್ಟಿಗೆ ಹೋದರು. ರಾಜಿಯಾಯಿತು. ಅವರನ್ನು ಸಹ-ಸಂಶೋಧಕ ಅಂತ ಒಪ್ಪಿಕೊಂಡರು, ಪೇಟೆಂಟಿನಿಂದ ಬರುವ ಹಣದಲ್ಲಿ, ಅಂದರೆ ರಾಯಲ್ಟಿಯಲ್ಲಿ, 3% ಕೊಟ್ಟರು. ಆದರೂ 1952ರ ನೊಬೆಲ್ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಗೈಡ್ ಮೇಲೆ ಕೇಸು ಹಾಕಿದವನು ಅಂತ ಶಾಟ್ಸ್‌ಗೆ ದೊಡ್ಡ ಲ್ಯಾಬುಗಳ ಬಾಗಿಲು ಮುಚ್ಚಿತು. ರಟ್ಗರ್ಸ್ ಅವರಿಗೆ ಪದಕ ಕೊಟ್ಟದ್ದು 1994ರಲ್ಲಿ. ಅರ್ಧ ಶತಮಾನ! ನನಗೆ ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ನಿಮ್ಮ ಅಪ್ಪನ ಭಯ ಸುಳ್ಳಲ್ಲ ಅನ್ನುತ್ತೇನೆ. ಆದರೆ ಜಗಳ ಮಾಡದೆ ಇರುವುದು ಬೇರೆ, ಬಾಯಿ ಮುಚ್ಚಿಕೊಂಡಿರುವುದು ಬೇರೆ.

ಮೊದಲು ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೋ ತೆಗೆದು ಮನೆಯಲ್ಲಿಡಿ, ದಿನಾಂಕ ಕಾಣಬೇಕು. ಶಾಟ್ಸ್ ಪರವಾಗಿ ಇವತ್ತಿಗೂ ಮಾತಾಡುವುದು ಅವರ ನೋಟ್‌ಬುಕ್ಕೇ. ಆಮೇಲೆ ಸರ್‌ಗೆ ಒಂದು ಇಮೇಲ್ ಬರೆಯಿರಿ. ಆಪಾದನೆ ಬೇಡ. ‘ಸರ್, ಈ ಈ ಪ್ರಯೋಗ ನಾನು ಮಾಡಿದ್ದು, ಲೇಖಕರ ಪಟ್ಟಿ ತಿದ್ದುಪಡಿಗೆ ಜರ್ನಲ್‌ಗೆ ಬರೆಯೋಣವಾ?’ ಇಷ್ಟು ಸಾಕು. ಮಣ್ಣಿನಲ್ಲಿ ಹುಡುಕುವ ದಾರಿ ತೋರಿಸಿದವರು ಅವರೇ ಆಗಿದ್ದರೆ ಅದನ್ನೂ ಮನಸಾರೆ ಬರೆಯಿರಿ. ವಾಕ್ಸ್‌ಮನ್ ವಿಷಯದಲ್ಲೂ ಅದು ನಿಜವಾಗಿತ್ತು. ಉತ್ತರ ಬರದಿದ್ದರೆ ನಿಮ್ಮ ಡಾಕ್ಟರಲ್ ಕಮಿಟಿಯಲ್ಲಿ ನಂಬಿಕೆಯ ಒಬ್ಬರ ಬಳಿ ನೋಟ್‌ಬುಕ್ ಹಿಡಿದು ಹೋಗಿ. ಸಂಪಾದಕರಿಗೆ ನೇರವಾಗಿ ಬರೆಯುವುದು ಕೊನೆಯ ಹೆಜ್ಜೆ. ಹೆಸರು ಸೇರಿಸಲು ಅವರು ಸಾಮಾನ್ಯವಾಗಿ ಎಲ್ಲ ಲೇಖಕರ ಒಪ್ಪಿಗೆ ಕೇಳುತ್ತಾರೆ, ತಕರಾರಿದ್ದರೆ ಸಂಸ್ಥೆಗೇ ಬಿಡುತ್ತಾರೆ.

ಇನ್ನೊಂದು ಮಾತು. 1944ರ ಆ ಪೇಪರಿನಲ್ಲಿ ಶಾಟ್ಸ್, ವಾಕ್ಸ್‌ಮನ್ ನಡುವೆ ಎಲಿಜಬೆತ್ ಬುಗಿ ಅನ್ನುವ ಹೆಣ್ಣುಮಗಳ ಹೆಸರಿತ್ತು. ಪೇಟೆಂಟಿನಲ್ಲಿ ಅದು ಇರಲಿಲ್ಲ. ನಿಮ್ಮ ಪತ್ರದಲ್ಲೂ ಆ ಜೂನಿಯರ್ ಬರೀ ‘ಹುಡುಗಿಯೊಬ್ಬಳು’. ಇಮೇಲ್ ಕಳಿಸುವ ಮುಂಚೆ ಅವಳನ್ನು ಕೂರಿಸಿಕೊಂಡು, ಯಾವ ದಿನದ ಪ್ಲೇಟ್‌ಗಳು ಅವಳ ಕೈಯವು ಅಂತ ಕೇಳಿ ಬರೆದುಕೊಳ್ಳಿ.