ಹದಿನಾಲ್ಕು ತಿಂಗಳಾದರೂ ನಡೆಯದ ಮಗು

ಪ್ರಶ್ನೆ: ನಮ್ಮ ಮಗಳಿಗೆ 14 ತಿಂಗಳು ತುಂಬಿದೆ. ಅವಳು ಅಂಬೆಗಾಲಿಡಲೇ ಇಲ್ಲ. ಕುಳಿತಲ್ಲಿಂದಲೇ ಒಂದು ಕೈಯೂರಿ ಜಾರಿಕೊಂಡು ಹೋಗುತ್ತಾಳೆ. ಆಸರೆ ಹಿಡಿದು ನಿಲ್ಲುತ್ತಾಳೆ, ಆದರೆ ಹೆಜ್ಜೆಯಿಡುವುದಿಲ್ಲ. ನನ್ನ ಅಕ್ಕನ ಮಗ ಹತ್ತು ತಿಂಗಳಿಗೇ ನಡೆದಿದ್ದನೆಂದು ಮನೆಯಲ್ಲಿ ದಿನವೂ ಹೋಲಿಸುತ್ತಾರೆ. ಹೊಸಬರು ಎತ್ತಿಕೊಂಡರೆ ಅವಳು ವಿಪರೀತ ಅಳುತ್ತಾಳೆ. ಬೆಳವಣಿಗೆ ಕುಂಠಿತವಾಗಿದೆಯೇ? ವಾಕರ್ ಕೊಡಿಸಬಹುದೇ?
– ಹೆಸರು ಬೇಡ

ಉತ್ತರ: ನೀವು ಬರೆದಿರುವುದರಲ್ಲಿ ಗಾಬರಿಪಡುವಂಥದ್ದು ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಕ್ಕಳು ಆಸರೆಯಿಲ್ಲದೆ ಕೂರಲು ಕಲಿಯುವುದು 3.8ರಿಂದ 9.2 ತಿಂಗಳ ನಡುವೆ, ತಾವಾಗಿಯೇ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಅಂದರೆ ನಿಮ್ಮ ಅಕ್ಕನ ಮಗ ಈ ಅವಧಿಯ ಆರಂಭದಲ್ಲಿ ನಡೆದವನು, ನಿಮ್ಮ ಮಗಳಿಗೆ ಇನ್ನೂ ಸಮಯವಿದೆ. ಇಬ್ಬರೂ ಸಹಜ ಮಿತಿಯೊಳಗೇ ಇದ್ದಾರೆ. ಅದೇ ಅಧ್ಯಯನದಲ್ಲಿ ಶೇ 4.3ರಷ್ಟು ಮಕ್ಕಳು ಅಂಬೆಗಾಲಿಡುವ ಹಂತವನ್ನೇ ದಾಟಿಹೋಗಿದ್ದರು. ಕುಳಿತು ಜಾರುವ ಮಕ್ಕಳು ನಡೆಯುವುದು ಸಾಮಾನ್ಯವಾಗಿ ತುಸು ತಡವೇ, ಮತ್ತು ಈ ಅಭ್ಯಾಸ ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವುದೂ ಉಂಟು. ನೀವೋ ನಿಮ್ಮ ಪತಿಯೋ ಹೀಗೆಯೇ ಜಾರುತ್ತಿದ್ದಿರಾ ಎಂದು ಹಿರಿಯರನ್ನು ಕೇಳಿ ನೋಡಿ.

ಸ್ನಾಯುಗಳ ಮೇಲಿನ ಹಿಡಿತ ತಲೆಯಿಂದ ಕೆಳಕ್ಕೆ ಇಳಿಯುತ್ತದೆ: ಮೊದಲು ಕತ್ತು ನಿಲ್ಲುತ್ತದೆ, ಬಳಿಕ ಬೆನ್ನು, ಕೊನೆಗೆ ಕಾಲು. ಆದ್ದರಿಂದ ವೈದ್ಯರು ಒಂದು ಹಂತ ಯಾವ ತಿಂಗಳಲ್ಲಿ ಬಂತೆಂಬುದರ ಜೊತೆಗೆ, ಒಂದರ ಮೇಲೊಂದು ಹೊಸ ಸಾಮರ್ಥ್ಯ ಸೇರುತ್ತಿದೆಯೇ, ದೇಹದ ಎರಡೂ ಬದಿಗಳು ಸಮನಾಗಿ ಕೆಲಸ ಮಾಡುತ್ತಿವೆಯೇ ಎಂಬುದನ್ನೂ ನೋಡುತ್ತಾರೆ. ಜಾರುವಾಗ ಅವಳು ಯಾವಾಗಲೂ ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಸುಮ್ಮನೆ ಬಿಡುತ್ತಾಳೆಯೇ ಎಂಬುದನ್ನು ಮಾತ್ರ ಗಮನಿಸಿ. ಹಾಗಿದ್ದರೆ ಮಕ್ಕಳ ವೈದ್ಯರಿಗೆ ತಿಳಿಸಬೇಕು.

ಮನೆಗಳಲ್ಲಿ ನಡಿಗೆಗೆ ಸಿಗುವ ಮರ್ಯಾದೆ ಮಗು ಬೆರಳು ಮಾಡಿ ತೋರಿಸುವುದಕ್ಕೆ ಸಿಗುವುದಿಲ್ಲ; ನನ್ನ ದೃಷ್ಟಿಯಲ್ಲಿ ಎರಡನೆಯದು ಅಷ್ಟೇ ದೊಡ್ಡ ಸಂಗತಿ. ಸುಮಾರು ಆರರಿಂದ ಎಂಟು ವಾರಗಳಲ್ಲಿ ಮುಖ ನೋಡಿ ನಗುವುದು, ಒಂಬತ್ತು ತಿಂಗಳ ಹೊತ್ತಿಗೆ ಹೆಸರು ಕರೆದರೆ ತಿರುಗುವುದು, ವರ್ಷದ ಆಸುಪಾಸಿನಲ್ಲಿ ಹಕ್ಕಿಯನ್ನೋ ದೀಪವನ್ನೋ ಬೆರಳಿನಿಂದ ತೋರಿಸಿ ನಿಮ್ಮ ಮುಖವನ್ನೂ ನೋಡುವುದು, ಇವು ಮನಸ್ಸು ಇನ್ನೊಬ್ಬರೊಡನೆ ಬೆಸೆದುಕೊಳ್ಳುತ್ತಿರುವುದರ ಗುರುತುಗಳು. ಹೊಸಬರನ್ನು ಕಂಡು ಅಳುವುದೂ ಇದರಲ್ಲಿ ಸೇರಿದ್ದೇ. ತನ್ನವರು ಯಾರು, ಹೊರಗಿನವರು ಯಾರು ಎಂದು ಬೇರ್ಪಡಿಸುವ ಶಕ್ತಿ ಬಂದ ಮೇಲೆಯೇ ಆ ಅಳು ಹುಟ್ಟುತ್ತದೆ. ಬಂದವರು ಬೇಸರಿಸಿಕೊಂಡಾರೆಂದು ಅವಳನ್ನು ಬಲವಂತವಾಗಿ ಅವರ ಕೈಗೆ ಕೊಡಬೇಡಿ. ನಿಮ್ಮ ಮಡಿಲಲ್ಲೇ ಕುಳಿತು ಅವರನ್ನು ನೋಡಲಿ.

ವಾಕರ್ ಬೇಡ. ಅದು ನಡಿಗೆಯನ್ನು ಬೇಗ ತರುವುದಿಲ್ಲ, ಮೆಟ್ಟಿಲಿನಿಂದ ಉರುಳುವ ಅಪಾಯವನ್ನು ಮಾತ್ರ ತರುತ್ತದೆ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಬರಿಗಾಲಲ್ಲಿ, ಜಾರದ ನೆಲದ ಮೇಲೆ, ಭಾರವಾದ ಪೀಠೋಪಕರಣ ಹಿಡಿದು ಪಕ್ಕಕ್ಕೆ ಹೆಜ್ಜೆಯಿಡಲು ಬಿಡಿ.

ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ ಎರಡು ವರ್ಷದವರೆಗೆ ವಯಸ್ಸನ್ನು ಹೆರಿಗೆಗೆ ನಿರೀಕ್ಷಿಸಿದ್ದ ದಿನದಿಂದ ಎಣಿಸಬೇಕು. 18 ತಿಂಗಳಾದರೂ ನಡೆಯದಿದ್ದರೆ ಅಥವಾ ಬೆರಳು ಮಾಡಿ ತೋರಿಸದಿದ್ದರೆ ವೈದ್ಯರನ್ನು ಕಾಣಿ. ಕಲಿತಿದ್ದ ಮಾತನ್ನೋ ಚಟುವಟಿಕೆಯನ್ನೋ ಮಗು ಮರೆಯತೊಡಗಿದರೆ ಮಾತ್ರ ಯಾವ ವಯಸ್ಸಿನಲ್ಲೂ ಕಾಯಬಾರದು.

ಪ್ರಶ್ನೆ: ಎರಡೂವರೆ ವರ್ಷದ ಮಗ ಇತರ ಮಕ್ಕಳ ಪಕ್ಕ ಕುಳಿತು ತನ್ನಷ್ಟಕ್ಕೇ ಆಡುತ್ತಾನೆ, ಆಟಿಕೆ ಹಂಚಿಕೊಳ್ಳುವುದಿಲ್ಲ. ಇದು ಸ್ವಾರ್ಥವೇ?
– ಒಬ್ಬ ತಂದೆ

ಉತ್ತರ: ಅಲ್ಲ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಇಂಥ ಆಟವನ್ನು ಸಮಾಂತರ ಆಟವೆಂದು ವರ್ಗೀಕರಿಸಿದ್ದರು. ಜೊತೆಗೂಡಿ, ಪಾತ್ರ ಹಂಚಿಕೊಂಡು ಆಡುವುದು ಹೆಚ್ಚಾಗಿ ಮೂರರಿಂದ ನಾಲ್ಕನೆಯ ವರ್ಷದಲ್ಲಿ ಬಲಗೊಳ್ಳುತ್ತದೆ. ಇನ್ನೊಬ್ಬರ ಮನಸ್ಸಿನಲ್ಲಿರುವುದು ತನ್ನ ಮನಸ್ಸಿನಲ್ಲಿರುವುದಕ್ಕಿಂತ ಬೇರೆಯಿರಬಹುದೆಂಬ ಅರಿವು ಸುಮಾರು ನಾಲ್ಕರ ಹೊತ್ತಿಗಷ್ಟೇ ಸ್ಪಷ್ಟವಾಗುವುದರಿಂದ, ಕೊಡು ಎಂದು ಗದರಿಸಿದರೆ ಅವನಿಗೆ ತಿಳಿಯುವುದು ಆಟಿಕೆ ಹೋಯಿತೆಂಬುದು ಮಾತ್ರ. ಈಗ ನಿನ್ನ ಸರದಿ, ಆಮೇಲೆ ಅವಳ ಸರದಿ ಎಂದು ಹೇಳಿ, ಆಟಿಕೆ ನಿಜವಾಗಿಯೂ ಅವನ ಕೈಗೆ ಮರಳುವಂತೆ ನೋಡಿಕೊಳ್ಳಿ.